ನೆಲ ಡೊಂಕು

ಸೆಪ್ಟೆಂಬರ್ 14

ಅಳತೆ ಅಮ್ಮಣ್ಣಿಗೆ,

ಹದಿನಾಲ್ಕು ತಿಂಗಳ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಇದನ್ನು ರಾಜಿ ಅಂತ ತಿಳಿಯಬೇಡ. ಕೋಪ ಹಾಗೇ ಇದೆ, ಸ್ವಲ್ಪ ಹಳತಾಗಿದೆ ಅಷ್ಟೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಉತ್ತರ ಕೊಟ್ಟುಬಿಡುತ್ತೀಯ. ಕಾಗದವಾದರೆ ಕಡೆಯವರೆಗೂ ಓದಲೇಬೇಕು.

ಒಂದು ವಿಷಯ ನನ್ನ ತಲೆ ತಿನ್ನುತ್ತಿದೆ. ಕೇಳೋಣವೆಂದರೆ ನಿನ್ನನ್ನು ಬಿಟ್ಟು ಯಾರೂ ಇಲ್ಲ.

ನಮ್ಮ ಫುಟ್‌ಬಾಲ್ ಕ್ಲಬ್ಬು ಈ ಸಲ ಹದಿನಾರು ತಂಡಗಳಲ್ಲಿ ಹದಿನೈದನೆಯದು. ಕಡೆಯ ಎರಡು ತಂಡಗಳು ಕೆಳಗಿನ ದರ್ಜೆಗೆ ಇಳಿಯಬೇಕು. ಇಳಿದರೆ ಈ ಮೈದಾನ ಬಿಟ್ಟುಕೊಡುತ್ತೇವೆ ಎಂದು ಕಾರ್ಯದರ್ಶಿ ಈಗಲೇ ಹೇಳಿದ್ದಾನೆ. ರೈಲು ಹಳಿಯಾಚೆ ಪ್ಲಾಸ್ಟಿಕ್ ಹುಲ್ಲಿನ ಮೈದಾನವಿದೆಯಲ್ಲ, ಅಲ್ಲೇ ಆಡಿಕೊಳ್ಳುತ್ತಾರಂತೆ. ಪ್ಲಾಸ್ಟಿಕ್ಕಿಗೆ ನೀರು ಬೇಡ, ಗೊಬ್ಬರ ಬೇಡ, ನಾನೂ ಬೇಡ. ಹತ್ತೊಂಬತ್ತು ವರ್ಷ ಸಾಕಿದ ಹುಲ್ಲು ಇದು. ಅಕ್ಕ ತೀರಿಕೊಂಡ ಮೇಲೆ ಅವಳ ಮಗಳಾದ ನಿನ್ನನ್ನೂ ಈ ಹುಲ್ಲನ್ನೂ ಒಟ್ಟಿಗೇ ಬೆಳೆಸಿದೆ. ನೀನಂತೂ ಹೋದೆ. ಇದೂ ಹೋದರೆ ಬೆಳಿಗ್ಗೆ ಎದ್ದು ನಾನು ಏನು ಮಾಡಬೇಕೋ ತಿಳಿಯದು.

ವಿಷಯಕ್ಕೆ ಬರುತ್ತೇನೆ. ಗೋಲು ಹೊಡೆಯಲೆಂದೇ ಕರೆತಂದ ಆಟಗಾರನೊಬ್ಬನಿದ್ದಾನೆ. ಮೂವತ್ತೊಂದು ವರ್ಷ, ಸಂಸಾರಸ್ಥ, ಆಟ ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಹೊರಗಿನ ಮೈದಾನಗಳಲ್ಲಿ ನಾಲ್ಕು ಗೋಲು ಹೊಡೆದಿದ್ದಾನೆ. ನಮ್ಮಲ್ಲಿ ಒಂದೂ ಇಲ್ಲ. ಐದು ಸಲ ಅವನ ಚೆಂಡು ಗೋಲಿನ ಅಡ್ಡಕಂಬಿಗೆ ಬಡಿದು ಆಚೆ ಹಾರಿದೆ. ಜನ ಅವನಿಗೆ 'ಠಣ್' ಎಂದು ಹೆಸರಿಟ್ಟಿದ್ದಾರೆ. ಕಾಲಿಟ್ಟರೆ ಸಾಕು, ಕೂತವರೆಲ್ಲ ಒಂದೇ ಸಮ ಠಣ್ ಠಣ್ ಅನ್ನುತ್ತಾರೆ. ಮೊನ್ನೆ ಅವನು ಕೋಚ್ ಹತ್ತಿರ ಹೋಗಿ, "ಇಲ್ಲಿ ಏನೋ ಸರಿ ಇಲ್ಲ ಸಾರ್," ಅಂದ. ಕೋಚು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹೋಗಿ ಪ್ರಾಕ್ಟೀಸ್ ಮಾಡು," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೂ ಕೇಳುತ್ತೇನೆ. ಅದೇ ಕಾಲು, ಅದೇ ಚೆಂಡು. ಚೆಂಡಿಗೆ ಊರು ಗೊತ್ತಾಗುತ್ತದೆಯೆ?

ನಿನ್ನ ಮಾವ


ಸೆಪ್ಟೆಂಬರ್ 23

ಮಾವ,

ಹದಿನಾಲ್ಕು ತಿಂಗಳಲ್ಲ, ಹದಿನಾಲ್ಕು ತಿಂಗಳು ಒಂಬತ್ತು ದಿನ. ಎಣಿಸುವುದೇ ನನ್ನ ಉದ್ಯೋಗವಲ್ಲವೆ. ನಿನ್ನ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಪೆಟ್ರೋಲ್ ಬಂಕಿನ ತಪಾಸಣೆಗೆ ಹೋಗಿದ್ದೆ. ಐದು ಲೀಟರಿನ ಅಳತೆಪಾತ್ರೆ ತುಂಬುವಷ್ಟರಲ್ಲಿ ಎರಡು ಸಲ ಓದಿದೆ. ಬಂಕಿನವನು ನನ್ನ ಮುಖ ನೋಡಿ, "ಏನ್ ಮೇಡಂ, ಕಡಿಮೆ ಬಂತಾ?" ಅಂತ ಗಾಬರಿಯಾದ. ಪೆಟ್ರೋಲು ಸರಿಯಾಗಿಯೇ ಇತ್ತು. ನನಗೆ ಖುಷಿಯಾಗಿತ್ತು.

ಈಗ ನಿನ್ನ ಪ್ರಶ್ನೆ. ತೂಕ ಮತ್ತು ಅಳತೆ ಇಲಾಖೆಗೆ ಸೇರಿದವರಿಗೆ ಮೊದಲು ಕಲಿಸುವ ಪಾಠ ಇದು: ಒಂದು ಸಲ ತಪ್ಪಿದರೆ ಕೈತಪ್ಪು. ಐದು ಸಲ ಒಂದೇ ಕಡೆಗೆ ತಪ್ಪಿದರೆ ಎಲ್ಲೋ ಒಂದು ಕಾರಣ ಕೂತಿದೆ. ಠಣ್ ನಿಜಕ್ಕೂ ಕೆಟ್ಟ ಆಟಗಾರನಾಗಿದ್ದರೆ ಚೆಂಡು ಎಡಕ್ಕೂ ಹೋಗಬೇಕು, ಬಲಕ್ಕೂ ಹೋಗಬೇಕು, ಕೂತವರ ಮಡಿಲಿಗೂ ಬೀಳಬೇಕು. ಪ್ರತಿ ಸಲ ಅದೇ ಕಂಬಿಗೆ ಬಡಿಯಬೇಕಾದರೆ ಒಳ್ಳೆಯ ಕಾಲೇ ಬೇಕು ಮಾವ.

ಒಂದು ಹಳೇ ನೋಟ್‌ಬುಕ್ ತೆಗೆದುಕೋ. ಯಾವ ಕಡೆಯ ಗೋಲು, ಆಟದ ಮೊದಲ ಅರ್ಧವೋ ಎರಡನೆಯದೋ, ಹುಲ್ಲು ಒದ್ದೆಯಿತ್ತೋ ಒಣಗಿತ್ತೋ, ಎದುರು ತಂಡದವರ ಚೆಂಡೂ ಬಡಿಯಿತೋ, ಎಲ್ಲ ಬರೆ. ಅಂದಾಜಿನಲ್ಲಿ ಬರೆಯಬೇಡ. ನೀನು ಅಡುಗೆಗೆ ಉಪ್ಪು ಹಾಕುವ ಹಾಗೆ ಒಂದು ಚಿಟಿಕೆ ಹೆಚ್ಚು, ಒಂದು ಚಿಟಿಕೆ ಕಡಿಮೆ ಅಂತೆಲ್ಲ ಆಗದು.

ಅಮ್ಮಣ್ಣಿ


ಅಕ್ಟೋಬರ್ 30

ಅಮ್ಮಣ್ಣಿ,

ನಿನ್ನ ಅಪ್ಪಣೆಯಂತೆ ಬರೆದಿಟ್ಟೆ. ನನಗೇ ಆಶ್ಚರ್ಯವಾಯಿತು. ಇದುವರೆಗೆ ಅಡ್ಡಕಂಬಿಗೆ ಬಡಿದ ಚೆಂಡು ಹನ್ನೊಂದು. ಅದರಲ್ಲಿ ಹತ್ತು ಗಡಿಯಾರದ ಕಡೆಯ ಗೋಲಿನಲ್ಲಿ. ಗೇಟಿನ ಕಡೆಯ ಗೋಲಿನಲ್ಲಿ ಒಂದೇ ಒಂದು. ಹತ್ತರಲ್ಲಿ ಏಳು ಠಣ್‌ನದು, ಮೂರು ಎದುರಿನವರದು. ನಮ್ಮ ಜನ ಕೂರುವುದು ಗಡಿಯಾರದ ಕೆಳಗೆ. ಅವರ ಕಣ್ಣೆದುರು ಗೋಲು ಹೊಡೆಯಬೇಕೆಂದು ನಮ್ಮ ನಾಯಕ ಎರಡನೆಯ ಅರ್ಧಕ್ಕೆ ಯಾವಾಗಲೂ ಆ ಕಡೆಯನ್ನೇ ಉಳಿಸಿಕೊಳ್ಳುತ್ತಾನೆ. ಹಾಗಾಗಿ ಠಣ್ ಎಂದರೆ ಎರಡನೆಯ ಅರ್ಧ, ಗಡಿಯಾರದ ಕಡೆ.

ಗಡಿಯಾರದ ಗಾಜಿನಿಂದ ಬಿಸಿಲು ಅವನ ಕಣ್ಣಿಗೆ ಹೊಡೆಯುತ್ತಿರಬೇಕೆಂದು ಯೋಚಿಸಿ, ಏಣಿ ಹತ್ತಿ ಗೋಣಿಚೀಲ ಕಟ್ಟಿದೆ. ಕಾರ್ಯದರ್ಶಿ ಬಂದು, "ಮಾವ, ಟೈಮ್ ನೋಡೋದು ಹೇಗೆ?" ಅಂದ. ನೀನು ಚಿಕ್ಕಂದಿನಲ್ಲಿ ಮೈದಾನದ ತುಂಬ ಮಾವಾ ಮಾವಾ ಅಂತ ಕೂಗಿಕೊಂಡು ಓಡಾಡಿದ ಫಲ, ನಾನು ಇಡೀ ಕ್ಲಬ್ಬಿಗೇ ಮಾವನಾಗಿ ಕೂತಿದ್ದೇನೆ. "ಸೋಲೋಕೆ ಟೈಮ್ ಯಾಕೆ ನೋಡಬೇಕು," ಅಂದೆ. ಆ ಪಂದ್ಯದಲ್ಲೂ ಠಣ್. ಚೀಲ ಬಿಚ್ಚಿದೆ.

ಈ ಗೋಳಿನಲ್ಲಿ ನಮ್ಮನ್ನು ಉಳಿಸಿರುವವನು ಗೋಲ್‌ಕೀಪರ್. ಅವನನ್ನು ಎಲ್ಲರೂ 'ಬೀಗ' ಎನ್ನುತ್ತಾರೆ. ಗಡಿಯಾರದ ಕಡೆ ನಿಂತರೆ ಒಂದು ಸೊಳ್ಳೆಯನ್ನೂ ಒಳಗೆ ಬಿಡುವುದಿಲ್ಲ. ಉಳಿದ ಆಟಗಾರರು ವಾರವೆಲ್ಲ ಹಳಿಯಾಚೆ ಪ್ಲಾಸ್ಟಿಕ್ಕಿನ ಮೇಲೆ ಅಭ್ಯಾಸ ಮಾಡಿದರೆ, ಇವನು ಆರು ವರ್ಷದಿಂದ ದಿನಾ ಬೆಳಿಗ್ಗೆ ಬಂದು ಗಡಿಯಾರದ ಕಡೆಯ ಗೋಲಿನಲ್ಲೇ ನೆಗೆದಾಡುತ್ತಾನೆ. ಹೊರಗೆ ಹೋದರೆ ಮಾತ್ರ ಎತ್ತರದ ಚೆಂಡು ಬಿಡುತ್ತಾನೆ. 'ಮನೆಯಲ್ಲಿ ಬೀಗ, ಹೊರಗೆ ಚಿಲಕ' ಎಂದು ಪತ್ರಿಕೆಯವರು ಬರೆದರು. ಅವನೇ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾನೆ.

ಠಣ್‌ನನ್ನು ಕೋಚು ಕಳೆದ ಪಂದ್ಯದಲ್ಲಿ ಹೊರಗೆ ಕೂರಿಸಿದ. ಅವನು ಟವಲು ತಲೆ ಮೇಲೆ ಹಾಕಿಕೊಂಡು ಕೂತಿದ್ದ. ನೋಡಲಾಗಲಿಲ್ಲ.

ಮಾವ


ನವೆಂಬರ್ 8

ಮಾವ,

ಕೋಪ ಮಾಡಿಕೊಳ್ಳಬಾರದು. ಗಡಿಯಾರದ ಕಡೆಯ ಅಡ್ಡಕಂಬಿ ನೆಲದಿಂದ ಎಷ್ಟು ಎತ್ತರಕ್ಕಿದೆ, ಅಳೆದಿದ್ದೀಯಾ? ಎರಡು ಮೀಟರು ನಲವತ್ತನಾಲ್ಕು ಸೆಂಟಿಮೀಟರು ಇರಬೇಕೆಂದು ಓದಿದೆ. ವರ್ಷಕ್ಕೊಮ್ಮೆ ಲೀಗಿನವರು ಬಂದು ಅಳೆಯುತ್ತಾರಲ್ಲ, ಅವರು ಎರಡೂ ಗೋಲು ಅಳೆದರೋ ಒಂದನ್ನೋ?

ಅಮ್ಮಣ್ಣಿ


ನವೆಂಬರ್ 15

ಇನ್‌ಸ್ಪೆಕ್ಟರ್ ಮೇಡಂ ಅವರಿಗೆ,

ಆ ಕಂಬಗಳನ್ನು ಹತ್ತೊಂಬತ್ತು ವರ್ಷದ ಹಿಂದೆ ಕಾಂಕ್ರೀಟು ಹಾಕಿ ನಿಲ್ಲಿಸಿದವನು ನಾನು. ಕಬ್ಬಿಣ ವಯಸ್ಸಾದಂತೆ ಕುಗ್ಗುವುದಕ್ಕೆ ಅದೇನು ನಿಮ್ಮ ಮಾವನೆ? ಲೀಗಿನವನು ಆಗಸ್ಟ್‌ನಲ್ಲಿ ಬಂದ, ಗೇಟಿನ ಕಡೆಯದನ್ನು ಅಳೆದ, ಚಹಾ ಕುಡಿದ, ಎರಡಕ್ಕೂ ಅದನ್ನೇ ಬರೆದುಕೊಂಡು ಹೋದ. ನನ್ನ ಮೇಲೆ ಅವನಿಗೆ ನಂಬಿಕೆ. ಸಾಕಿದ ಹುಡುಗಿಗೆ ಇಲ್ಲ.

ನಮ್ಮ ಬೀದಿಯ ಮೂಲೆ ಅಂಗಡಿ ಮುಗಿಸಿ ಈಗ ನನ್ನ ಅಂಗಡಿಗೆ ಬಂದೆ. ಆ ಅಂಗಡಿಯವನು ನನ್ನ ಮೂವತ್ತು ವರ್ಷದ ಸ್ನೇಹಿತ. ತಕ್ಕಡಿಯ ಸ್ಪ್ರಿಂಗಿನಲ್ಲಿ ಧೂಳು ಕೂತು ಕಿಲೋಗೆ ಹದಿನೈದು ಗ್ರಾಂ ಕಡಿಮೆ ತೂಗುತ್ತಿತ್ತು. ಅವನಿಗೇ ಗೊತ್ತಿರಲಿಲ್ಲ. ನಿನ್ನನ್ನು ಎತ್ತಿ ಆಡಿಸಿದ ಕೈಗೇ ನೀನು ನೋಟೀಸು ಕೊಟ್ಟು ಸೀಲು ಹಾಕಿದೆ. ಎರಡು ವಾರ ಬಾಗಿಲು ಮುಚ್ಚಿದ. ಮೋಸಗಾರ ಅಂತ ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನನ್ನ ಗೋಲಿಗೂ ಒಂದು ಸೀಲು ತಂದು ಹಾಕು, ನಿನಗೆ ಸಮಾಧಾನವಾಗಲಿ.

ಮೈದಾನ ಕಾಯುವವನು


ಜನವರಿ 6

ಮಾವ,

ಏಳು ವಾರ ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡಿದ್ದೆ. ಉತ್ತರ ಬರೆದು ಮೂರು ಸಲ ಹರಿದೆ.

ಅಂಗಡಿ ಮಾಮ ಮೋಸ ಮಾಡಿದರು ಎಂದು ನಾನು ಎಲ್ಲೂ ಬರೆಯಲಿಲ್ಲ. ನಮ್ಮ ಫಾರಂನಲ್ಲಿ ಅಳತೆಗೆ ಒಂದು ಕಾಲಂ ಇದೆ. ಮನಸ್ಸಿಗೆ ಕಾಲಂ ಇಲ್ಲ. ಅವತ್ತು ನನ್ನ ಕೆಲಸದ ಮೊದಲ ತಿಂಗಳು. ಗುರುತಿನವರೆಂದು ಬಿಟ್ಟರೆ ನಾಳೆ ಯಾರನ್ನು ಹಿಡಿಯಲಿ ಎಂದುಕೊಂಡೆ. ಧೂಳು ಒರೆಸಿಕೊಂಡು ಸಂಜೆ ಮತ್ತೆ ತೋರಿಸಿ ಎನ್ನುವಷ್ಟು ಅವಕಾಶ ನನಗಿತ್ತು. ನಿಯಮದಲ್ಲೇ ಇತ್ತು. ಹೇಳಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನು ಗೋಲಿನ ವಿಷಯ. ಬೈದರೂ ಸರಿ, ನನಗೆ ಬಿಡಲಾಗುತ್ತಿಲ್ಲ. ಕಬ್ಬಿಣ ಕುಗ್ಗುವುದಿಲ್ಲ, ಒಪ್ಪಿದೆ. ಕಂಬಿ ಕೆಳಗೆ ಬರಲಾರದು. ನೆಲ ಮೇಲೆ ಬರಬಹುದಲ್ಲ? ಪಂದ್ಯ ಮುಗಿದ ಮೇಲೆ ನೀನು ಬುಟ್ಟಿ ಹಿಡಿದು ಹೋಗಿ, ಗೋಲ್‌ಕೀಪರ್ ತುಳಿದು ಗುಂಡಿ ಮಾಡಿದ ಜಾಗಕ್ಕೆ ಮಣ್ಣು ತುಂಬಿ, ಕೈಯಲ್ಲೇ ತಟ್ಟಿ, ಬೀಜ ಹಾಕುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಗಡಿಯಾರದ ಕಡೆ ಎಷ್ಟು ಬುಟ್ಟಿ ಹಾಕುತ್ತೀಯ? ಗೇಟಿನ ಕಡೆ ಎಷ್ಟು?

ಅಮ್ಮಣ್ಣಿ


ಜನವರಿ 19

ಅಮ್ಮಣ್ಣಿ,

ಎರಡು ಮೀಟರು ಮೂವತ್ತೈದು.

ಮೂರು ಸಲ ಅಳೆದೆ. ಕಂಬದ ಹತ್ತಿರ ಅಳೆದೆ, ನಡುವೆ ಅಳೆದೆ, ಕನ್ನಡಕ ಒರೆಸಿಕೊಂಡು ಅಳೆದೆ. ಒಂಬತ್ತು ಸೆಂಟಿಮೀಟರು ಕಡಿಮೆ. ಗೇಟಿನ ಕಡೆಯದು ಚಾಚೂ ತಪ್ಪದೆ ಸರಿಯಾಗಿದೆ.

ಗಡಿಯಾರದ ಕಡೆ ಗೋಡೆಯ ನೆರಳು ಹೆಚ್ಚು, ಹುಲ್ಲು ಬೇಗ ಸಾಯುತ್ತದೆ. ಬೀಗ ದಿನಾ ಅಲ್ಲೇ ನೆಗೆಯುತ್ತಾನೆ. ಹಾಗಾಗಿ ವಾರಕ್ಕೊಂದು ಬುಟ್ಟಿ ಅಲ್ಲಿಗೆ ಹಾಕಿ, ಗುಡ್ಡೆಯಾಗಿ ಕಾಣದಂತೆ ಸುತ್ತಲೂ ಹರಡಿ, ಇಳಿಜಾರು ಕೊಟ್ಟು ರೋಲರ್ ಓಡಿಸುತ್ತಿದ್ದೆ. ಎಷ್ಟು ನಾಜೂಕಾಗಿ ಎಂದರೆ ನನ್ನ ಕಣ್ಣಿಗೇ ಗೊತ್ತಾಗಲಿಲ್ಲ. ಹತ್ತೊಂಬತ್ತು ವರ್ಷ ಸಾಕಿದ್ದು ಹುಲ್ಲನ್ನಲ್ಲ, ಒಂದು ದಿಬ್ಬವನ್ನು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವನು ಠಣ್.

ಅವನು ನಿನ್ನೆ ನನ್ನ ಶೆಡ್ಡಿಗೆ ಬಂದಿದ್ದ. "ಮಾವ, ನನ್ನ ಕಾಲಲ್ಲೇ ಏನೋ ಐಬಿದೆ. ಮೂರು ಜೊತೆ ಬೂಟು ಬದಲಾಯಿಸಿದೆ. ಈಗ ಗೋಲು ಕಂಡ್ರೆ ಪಕ್ಕದವನಿಗೆ ಪಾಸ್ ಮಾಡ್ತೀನಿ," ಅಂದ. ಈ ಋತು ಮುಗಿದರೆ ಅವನನ್ನು ಕಳಿಸುತ್ತಾರಂತೆ. ನನ್ನ ಬೆನ್ನ ಹಿಂದೆ ಗೋಡೆಗೆ ಆ ಖಾಲಿ ಬುಟ್ಟಿ ಒರಗಿತ್ತು. ಚಹಾ ಕೊಟ್ಟು ಕಳಿಸಿದೆ.

ನವೆಂಬರಿನಲ್ಲಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೋ. ಈಗ ಏನು ಮಾಡಲಿ ಹೇಳು.

ಮಾವ


ಜನವರಿ 27

ಮಾವ,

ಗೋಲುಗಳು ನನ್ನ ಇಲಾಖೆಗೆ ಬರುವುದಿಲ್ಲ, ಆದ್ದರಿಂದ ಇದು ಅಕ್ಕನ ಮಗಳ ಮಾತು. ಮೊದಲು ಪೆಟ್ಟು ತಿಂದವನಿಗೆ ಹೇಳು. ಕಾರ್ಯದರ್ಶಿಗಲ್ಲ, ಲೀಗಿಗಲ್ಲ, ಠಣ್‌ಗೆ. ನಾನು ಅಂಗಡಿ ಮಾಮನಿಗೆ ಮಾಡದೆ ಬಿಟ್ಟದ್ದು ಅದನ್ನೇ.

ನೀನು ಬೇಕೆಂದು ಮಾಡಿದ್ದಲ್ಲ. ನಿನ್ನಷ್ಟು ಪ್ರೀತಿಯಿಂದ ಯಾರೂ ಇಂಥ ತಪ್ಪು ಮಾಡಿರಲಾರರು ಎಂದು ನೆನೆದು ನಗೂ ಬಂತು, ಅಳೂ ಬಂತು.

ಇನ್ನೊಂದು ಕುತೂಹಲ. ಬೀಗ ಆರು ವರ್ಷದಿಂದ ದಿನಾ ತಗ್ಗು ಕಂಬಿಯ ಕೆಳಗೆ ಅಭ್ಯಾಸ ಮಾಡಿದ್ದಾನೆ. ಹೊರಗೆ ಹೋದರೆ ಎತ್ತರದ ಚೆಂಡು ಬಿಡುತ್ತಾನೆ ಎಂದು ಬರೆದಿದ್ದೆಯಲ್ಲ. ಅವನ ಕೈಗೂ ನಿನ್ನ ಮಣ್ಣೇ ಪಾಠ ಹೇಳಿಕೊಟ್ಟಿರಬಹುದೆ?

ಅಮ್ಮಣ್ಣಿ


ಫೆಬ್ರವರಿ 24

ಅಮ್ಮಣ್ಣಿ,

ಒಳ್ಳೆಯ ಸುದ್ದಿ, ಕೂತುಕೊಂಡು ಓದು. ಹದಿಮೂರನೆಯ ಸ್ಥಾನಕ್ಕೆ ಬಂದಿದ್ದೇವೆ.

ಠಣ್‌ಗೆ ಹೇಳಿದೆ. ಅವನು ಟೇಪು ಕಸಿದುಕೊಂಡು ತಾನೇ ಅಳೆದ. ಆಮೇಲೆ ಗೋಲಿನೊಳಗೆ ಕಾಲು ಚಾಚಿ ಕೂತು ನಗಲು ಶುರುಮಾಡಿದ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. "ನೆಲ ಡೊಂಕೇ ಇತ್ತಲ್ಲ ಮಾವ, ನೆಲ ಡೊಂಕೇ ಇತ್ತು," ಅಂತ ಹತ್ತು ಸಲ ಹೇಳಿದ. ನನ್ನನ್ನು ಬೈಯಲಿಲ್ಲ. ಇಬ್ಬರೂ ಹೋಗಿ ಕೋಚ್‌ಗೆ ಹೇಳಿದೆವು. ಆ ಮನುಷ್ಯ ಸ್ವಲ್ಪ ಹೊತ್ತು ಕಿವಿ ಕೆರೆದುಕೊಂಡು, "ಮೇ ತಿಂಗಳವರೆಗೆ ನಾವು ಮೂವರಲ್ಲೇ ಇರಲಿ," ಅಂದ.

ಈಗ ಠಣ್ ಆ ಕಡೆ ಒಂದು ಗೇಣು ತಗ್ಗಿಸಿ ಹೊಡೆಯುತ್ತಾನೆ. ಎರಡು ಪಂದ್ಯದಲ್ಲಿ ಮೂರು ಗೋಲು. ಎದುರಿನವರು ಚೆಂಡನ್ನು ಕಂಬಿಗೆ ಹೊಡೆದು ತಲೆ ತಲೆ ಚಚ್ಚಿಕೊಳ್ಳುತ್ತಾರೆ. ಜನ ಠಣ್‌ನನ್ನು ಹೆಗಲ ಮೇಲೆ ಹೊತ್ತರು. ನನ್ನ ಹುಲ್ಲು ಉಳಿಯುತ್ತದೆ ಅಂತ ಕಾಣುತ್ತೆ. ತಪ್ಪು ಮಾಡಿದರೂ ದೇವರು ನನ್ನ ಪಾಲಿಗಿದ್ದಾನೆ.

ಮಾವ


ಮಾರ್ಚ್ 3

ಮಾವ,

ಅಂಗಡಿ ಮಾಮನ ತಕ್ಕಡಿಯಲ್ಲಿ ಧೂಳಿತ್ತು, ತಟ್ಟೆ ಒತ್ತುವ ಬೆರಳಿರಲಿಲ್ಲ. ಜನವರಿ ತನಕ ನಿನ್ನ ಗೋಲೂ ಹಾಗೇ ಇತ್ತು, ಯಾರಿಗೂ ಗೊತ್ತಿಲ್ಲದೆ ಎಲ್ಲರಿಗೂ ಒಂದೇ ಸಮ ತಪ್ಪಾಗಿತ್ತು. ಈಗ ನಿಮಗೆ ಮೂವರಿಗೆ ಗೊತ್ತು, ಎದುರಿನವರಿಗೆ ಗೊತ್ತಿಲ್ಲ. ಇದು ಬೆರಳು.

ನಿನ್ನ ಹುಲ್ಲು ಉಳಿಯಲಿ ಎಂದು ನನಗೆ ನಿನಗಿಂತ ಕಡಿಮೆ ಆಸೆಯಿಲ್ಲ. ಹೀಗೆ ಉಳಿದರೆ ಅದರ ಮೇಲೆ ನಿನಗೆ ನಡೆದಾಡಲು ಆಗುತ್ತದೆಯೆ, ನೀನೇ ಹೇಳು.

ಬೀಗನ ವಿಷಯ ಕೇಳಿದ್ದೆ. ಉತ್ತರ ಬರಲಿಲ್ಲ.

ಅಮ್ಮಣ್ಣಿ


ಏಪ್ರಿಲ್ 16

ಅಮ್ಮಣ್ಣಿ,

ನಿನ್ನ ಕಾಗದ ಓದಿ ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ನಿನ್ನನ್ನು ಓದಿಸಿದ್ದೇ ತಪ್ಪು ಅಂದುಕೊಂಡೆ. ಆಮೇಲೆ ಒಂದು ದಿನ ಆ ಗೋಲಿನ ಮುಂದೆ ನೀರು ಬಿಡುತ್ತ ನಿಂತಿದ್ದಾಗ, ಕಾಲು ಎತ್ತಿಡಲು ನಾಚಿಕೆಯಾಯಿತು. ನೀನು ಹೇಳಿದ್ದು ಸರಿ.

ಕೋಚು ಬೇಡವೇ ಬೇಡ ಎಂದ. ಕಾರ್ಯದರ್ಶಿಗೆ ಹೇಳಿದೆ, ಅವನು ತಲೆ ಮೇಲೆ ಕೈ ಹೊತ್ತು ಕೂತ. ಠಣ್ ಒಬ್ಬನೇ, "ತೆಗೀರಿ ಮಾವ. ಸರಿಯಾದ ಗೋಲಿಗೆ ಹೊಡೀಬೇಕು ನಾನು," ಅಂದ. ಲೀಗಿನ ಕಚೇರಿಗೆ ನಾನೇ ಬರೆದೆ. ಚಹಾ ಕುಡಿದು ಹೋದವನೇ ಎರಡು ಸಾಲಿನ ಉತ್ತರ ಕಳಿಸಿದ: ಎರಡೂ ತಂಡದವರು ಎರಡೂ ಕಡೆ ಆಡಿದ್ದರಿಂದ ಆದ ಪಂದ್ಯಗಳಿಗೆ ಬಾಧಕವಿಲ್ಲ, ಸರಿಪಡಿಸಿಕೊಳ್ಳುವುದು. ಅವನಿಗೂ ಮುಚ್ಚಿಹೋದರೆ ಸಾಕಾಗಿತ್ತು.

ಸತತ ಮೂರು ವಾರ ಇಲ್ಲಿ ಪಂದ್ಯವಿಲ್ಲ, ಎಲ್ಲ ಹೊರಗಡೆ. ಏಪ್ರಿಲ್ ಹತ್ತಕ್ಕೆ ಹುಲ್ಲನ್ನು ಚಾಪೆಯ ಹಾಗೆ ಸುರುಳಿ ಸುತ್ತಿ ಎತ್ತಿ, ಒಂಬತ್ತು ಸೆಂಟಿಮೀಟರು ಮಣ್ಣು ಕೆರೆದು, ಮತ್ತೆ ಹಾಸಿದೆ. ಅರವತ್ತೆರಡು ಬುಟ್ಟಿ ಮಣ್ಣು ಹೊತ್ತೆ. ಸೊಂಟ ಇದೆಯೋ ಇಲ್ಲವೋ ಗೊತ್ತಿಲ್ಲ. ಬೇರು ಹಿಡಿಯುವ ತನಕ ಯಾರೂ ಕಾಲಿಡಬಾರದೆಂದು ಸುತ್ತಲೂ ಹಗ್ಗ ಕಟ್ಟಿದ್ದೇನೆ. ಬೀಗನೂ ಈಗ ಹಳಿಯಾಚೆಗೇ ಹೋಗುತ್ತಾನೆ.

ಅವನಿಗೆ ಹೇಳಿಲ್ಲ. ಕೇಳಿದ್ದಕ್ಕೆ ಹೇಳುತ್ತಿದ್ದೇನೆ. "ಗೋಲ್‌ಕೀಪರ್ ತಲೆ ಕೆಡಿಸಬೇಡಿ, ಅವನೊಬ್ಬ ನೆಟ್ಟಗಿದ್ದಾನೆ," ಅಂತ ಕೋಚು ಅಂದ. ನನಗೂ ಇನ್ನೊಬ್ಬನೆದುರು ತಪ್ಪೊಪ್ಪಿಕೊಳ್ಳುವುದು ತಪ್ಪಿದರೆ ಸಾಕು ಅನಿಸಿತು. ಒಂಬತ್ತು ಸೆಂಟಿಮೀಟರು, ಏನು ಮಹಾ.

ಹೊರಗಿನ ಪಂದ್ಯ ಸೋತು ಮತ್ತೆ ಹದಿನೈದಕ್ಕೆ ಬಿದ್ದಿದ್ದೇವೆ. ಕಡೆಯ ಪಂದ್ಯ ಮೇ ಮೂರಕ್ಕೆ, ಇಲ್ಲೇ. ಕಾರ್ಯದರ್ಶಿಯ ಲೆಕ್ಕದಂತೆ ಗೆದ್ದರೆ ಉಳಿಯುತ್ತೇವೆ. ಸಮಬಲವಾದರೂ ಇಳಿಯುತ್ತೇವೆ.

ಮಾವ


ಮೇ 5

ಅಮ್ಮಣ್ಣಿ,

ಒಂದಕ್ಕೊಂದು. ಇಳಿದೆವು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮೊದಲ ಅರ್ಧಕ್ಕೆ ಬೀಗ ಗಡಿಯಾರದ ಕಡೆ ನಿಂತ. ಅವನಿಗೊಂದು ಅಭ್ಯಾಸವಿದೆ. ಆಟ ಶುರುವಾಗುವ ಮೊದಲು ಹಿಮ್ಮಡಿ ಎತ್ತದೆ, ಕೈ ಮಾತ್ರ ಚಾಚಿ ಅಡ್ಡಕಂಬಿಗೆ ಬೆರಳು ತಾಗಿಸುತ್ತಾನೆ. ಅವತ್ತು ಚಾಚಿದ, ತಾಗಲಿಲ್ಲ. ಬೂಟಿನ ಕಡೆ ನೋಡಿಕೊಂಡ. ಮತ್ತೆ ಚಾಚಿದ. ಪಕ್ಕದಲ್ಲೇ ನಿಂತಿದ್ದ ನನ್ನನ್ನು ನೋಡಿ, "ವಯಸ್ಸಾಯ್ತು ಮಾವ, ಕುಳ್ಳ ಆಗ್ತಿದೀನಿ," ಅಂತ ನಕ್ಕ. ನಾನೂ ನಕ್ಕೆ ಅಮ್ಮಣ್ಣಿ. ಹೇಳುವುದಕ್ಕೆ ಅರ್ಧ ನಿಮಿಷ ಸಾಕಾಗಿತ್ತು. ನಕ್ಕು, ಬಾವುಟ ಸರಿಮಾಡುವ ನೆಪದಲ್ಲಿ ಆಚೆ ಹೋದೆ.

ಮೂವತ್ತನೆಯ ನಿಮಿಷದಲ್ಲಿ ಎದುರಿನವನು ದೂರದಿಂದ ಎತ್ತಿ ಹೊಡೆದ. ಬೀಗ ಚೆಂಡಿನ ಕೆಳಗೆ ಸರಿಯಾಗಿ ಬಂದ, ಕೈ ಎತ್ತಿದ, ಮೇಲೆ ಹೋಗುತ್ತದೆಂದು ಕೈ ಕೆಳಗಿಳಿಸಿ ನಿಂತ. ಚೆಂಡು ಅವನ ತಲೆ ಮೇಲಿಂದ, ಕಂಬಿಯ ಕೆಳಗಿನಿಂದ ಒಳಗೆ ಬಿತ್ತು. ನಾನು ಕೆರೆದು ತೆಗೆದ ಜಾಗ ಎಷ್ಟೋ ಅಷ್ಟರಲ್ಲೇ. ಅವನು ತಿರುಗಿ ನೋಡಿ ಬಲೆಯಲ್ಲಿದ್ದ ಚೆಂಡನ್ನು ನಂಬದೆ ನಿಂತ. ಹಳೆಯ ದಿಬ್ಬವಿದ್ದಿದ್ದರೆ ಠಣ್ ಅನ್ನಬೇಕಾಗಿದ್ದ ಚೆಂಡು.

ಎರಡನೆಯ ಅರ್ಧದಲ್ಲಿ ಠಣ್ ಅದೇ ಗೋಲಿಗೆ, ಹೆಚ್ಚುಕಡಿಮೆ ಅದೇ ಜಾಗಕ್ಕೆ ಹೊಡೆದ. ಒಳಗೆ ಹೋಯಿತು. ಆಮೇಲೆ ಏನೂ ಆಗಲಿಲ್ಲ.

ಜನ ಬೀಗನಿಗೆ ಉಗಿದರು. ಇವತ್ತಿನ ಪತ್ರಿಕೆಯಲ್ಲಿ 'ತುಕ್ಕು ಹಿಡಿದ ಬೀಗ' ಎಂದು ಬರೆದಿದ್ದಾರೆ. ಈ ತಿಂಗಳ ಕೊನೆಗೆ ಮೈದಾನ ಬಿಟ್ಟುಕೊಡಬೇಕು. ವಿಚಿತ್ರವೆಂದರೆ ನನಗೆ ಹುಲ್ಲಿನ ಚಿಂತೆ ಬರುತ್ತಿಲ್ಲ. ಅವನು ಕೈ ಇಳಿಸಿ ನಿಂತದ್ದೇ ಕಣ್ಣ ಮುಂದೆ ಬರುತ್ತದೆ.

ಮಾವ


ಮೇ 9

ಮಾವ,

ಕಾಗದ ಬರೆಯುತ್ತ ಕೂರಬೇಡ. ಅವನ ಮನೆಗೆ ಹೋಗು.

ಅಮ್ಮಣ್ಣಿ


ಮೇ 18

ಅಮ್ಮಣ್ಣಿ,

ಹೋದೆ. ಮೂರನೆಯ ಮಹಡಿ. ಅವನ ಹೆಂಡತಿ ಬಾಗಿಲು ತೆಗೆದು, ಒಳಗೆ ಕರೆಯುವುದೋ ಬೇಡವೋ ಎಂದು ನನ್ನ ಮುಖ ನೋಡಿದಳು. ಬೀಗ ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಮಲಗಿ ಸೋರುವ ಪೈಪು ಬಿಗಿಮಾಡುತ್ತಿದ್ದ. ಎದ್ದು ಬಾ ಎನ್ನಲು ನನಗೆ ಮುಖವಿರಲಿಲ್ಲ. ನಾನೇ ನೆಲಕ್ಕೆ ಕೂತು ಅವನ ಕಾಲುಗಳಿಗೆ ಎಲ್ಲ ಹೇಳಿದೆ. ಬುಟ್ಟಿ, ದಿಬ್ಬ, ನಿನ್ನ ಕಾಗದ, ಹಗ್ಗ, ಅವತ್ತು ನಕ್ಕದ್ದು, ಒಂದನ್ನೂ ಬಿಡಲಿಲ್ಲ.

ಸ್ಪ್ಯಾನರಿನ ಸದ್ದು ನಿಂತಿತು. ಒಳಗಿನಿಂದಲೇ ಕೇಳಿದ.

"ಎಷ್ಟು?"

"ಒಂಬತ್ತು ಸೆಂಟಿಮೀಟರು."

"ಠಣ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕೋಚ್‌ಗೆ?"

"ಗೊತ್ತಿತ್ತು."

"ನಿಮ್ಮ ಅಕ್ಕನ ಮಗಳಿಗೆ?"

"ಅವಳೇ ಕಂಡುಹಿಡಿದದ್ದು. ನಿನ್ನ ವಿಷಯ ಏನು ಅಂತ ಎರಡು ಸಲ ಕೇಳಿ ಬರೆದಿದ್ದಳು."

"ಹಾಗಾದ್ರೆ ಗೋಲೊಳಗೆ ನಿಂತವನೊಬ್ಬನಿಗೆ ಗೊತ್ತಿರಲಿಲ್ಲ," ಅಂದ.

ಸಿಂಕಿನ ಕೆಳಗಿನಿಂದ ಹೊರಗೆ ಬಂದು ಕೂತ. ಕಣ್ಣು ಕೆಂಪಾಗಿತ್ತು. ಬೈಯುತ್ತಾನೆ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. "ಒಂದು ವಾರ ಸಾಕಿತ್ತು ಮಾವ, ಒಂಬತ್ತು ಸೆಂಟಿಮೀಟರು ಕಲಿಯೋಕೆ," ಅಂದ.

ಪತ್ರಿಕೆಯವರ ಹತ್ತಿರ ಹೋಗಿ ನನ್ನ ತಪ್ಪೆಂದು ಹೇಳುತ್ತೇನೆ ಅಂದೆ. ಬೇಡ ಅಂದ. "ನೆಲ ಡೊಂಕಿತ್ತು ಅಂತ ಈಗ ಹೇಳಿದ್ರೆ ಯಾರು ನಂಬ್ತಾರೆ? ಕುಣಿಯಲಾರದವಳು ಅಂತಾರೆ. ಠಣ್‌ಗೆ ನೀವೆಲ್ಲ ಅಂದ್ರಲ್ಲ, ಹಾಗೆ." ಆದರೂ ಕ್ಲಬ್ಬಿನ ಸಭೆಯಲ್ಲಿ ಎದ್ದು ಹೇಳಿದೆ. ಕೆಲವರು ನಂಬಿದರು. ಕೆಲವರು, ಮುದುಕ ಬೀಗನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾನೆ ಎಂದು ನನ್ನ ಬೆನ್ನು ತಟ್ಟಿದರು. ಅದಕ್ಕಿಂತ ದೊಡ್ಡ ಶಿಕ್ಷೆ ನೀನೂ ಬರೆಯಲಾರೆ. ಬೀಗನನ್ನು ಇನ್ನು ಇಟ್ಟುಕೊಳ್ಳುವುದಿಲ್ಲವೆಂದು ಕಾರ್ಯದರ್ಶಿ ಅವನಿಗೆ ಕಾಗದ ಕೊಟ್ಟ.

ನಿನ್ನೆ ಬೆಳಿಗ್ಗೆ ಏಳಕ್ಕೆ ನಾನು ಪೈಪು ಸುತ್ತುತ್ತಿದ್ದೆ. ಬೀಗ ಕೈಗವಸು ಹಾಕಿಕೊಂಡು, ಒಂದು ಚೀಲ ಚೆಂಡು ಹೊತ್ತುಕೊಂಡು ಬಂದ. ನನ್ನ ಕಡೆ ನೋಡದೆ ನೇರ ಗಡಿಯಾರದ ಕಡೆಗೆ ಹೋಗಿ ನಿಂತ. "ಎಸೀರಿ," ಅಂದ. "ಕಂಬಿಗೆ ಗುರಿಯಿಡಿ. ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ. ಹೇಳ್ದೆ ಎಸೀರಿ."

ಎಸೆದೆ. ಮೊದಲ ಹತ್ತರಲ್ಲಿ ಆರು ಸಲ ಅವನು ಕೈ ಇಳಿಸಿದ, ಆರೂ ಒಳಗೆ ಬಿದ್ದವು. ಒಂದೊಂದು ಬಿದ್ದಾಗಲೂ ನಾನು ಕಣ್ಣು ಮುಚ್ಚಿಕೊಂಡೆ. "ಮತ್ತೆ," ಅಂದ. ಇಪ್ಪತ್ತಾಯಿತು, ಮೂವತ್ತಾಯಿತು. ಇಲ್ಲಿ ಇನ್ನು ಯಾವ ಪಂದ್ಯವೂ ಇಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಬೇರೆ ಯಾವ ಕ್ಲಬ್ಬು ಕರೆಯುತ್ತದೋ, ಕರೆಯುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ನಲವತ್ತರ ಸುಮಾರಿಗೆ ಒಂದು ಚೆಂಡು ಕಂಬಿಗೆ ಎರಡು ಬೆರಳು ಕೆಳಗೆ ಹೋಯಿತು, ಅದನ್ನು ತಳ್ಳಿ ಹೊರಗೆ ಹಾಕಿದ. ಅದರ ಮುಂದಿನದು ಎರಡು ಬೆರಳು ಮೇಲೆ ಹೋಯಿತು, ಅದನ್ನು ಸುಮ್ಮನೆ ಬಿಟ್ಟ. ತಿರುಗಿಯೂ ನೋಡಲಿಲ್ಲ.

ನನ್ನನ್ನು ಕ್ಷಮಿಸಿದ್ದಾನೋ ಇಲ್ಲವೋ ಕೇಳಲಿಲ್ಲ. ಕೇಳುವ ಹಕ್ಕು ನನಗಿದೆ ಅನಿಸಲಿಲ್ಲ. ಅರವತ್ತು ಚೆಂಡು ಎಸೆದ ಮೇಲೆ ತೋಳು ಎತ್ತಲಾಗದೆ ಹುಲ್ಲಿನ ಮೇಲೆ ಕೂತುಬಿಟ್ಟೆ. ಅವನು ಚೆಂಡುಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿ, ಹೆಗಲಿಗೆ ಹಾಕಿಕೊಂಡು ಹೊರಟ. ಗೇಟಿನ ಹತ್ತಿರ ಹೋದ ಮೇಲೆ ನಿಂತು ತಿರುಗಿದ.

"ಮಾವ, ನಾಳೆ ಎಡಗೈಯಲ್ಲಿ ಎಸೀರಿ," ಅಂದ. "ನಾನು ಏಳಕ್ಕೆ ಬರ್ತೀನಿ."

ನಿನ್ನ ಮಾವ